ಒಂದು ಚಿಟಿಕೆ ಕಿತ್ತಳೆ ಪುಡಿ

ಎಲ್ ನೊಗಾಲ್
ಅಕ್ಟೋಬರ್ 4, 2015

ಕೊಮಾದ್ರೆ ರೊಸಾಲ್ಬಾ ಅವರಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ನೀವು ಕ್ಷೇಮವಾಗಿರುವುದನ್ನು ಬಣ್ಣದ ಚಿತ್ರದಲ್ಲೇ ನೋಡಿದೆ. ಹನ್ನೆರಡು ಜನರ ಸಾಲಿನಲ್ಲಿ ಮಧ್ಯದವರು ನೀವು, ನೀಲಿ ಕೋಟು, ಹೊಸದಾಗಿ ಕತ್ತರಿಸಿದ ಕೂದಲು. ಮೇಲೆ ದಪ್ಪ ಅಕ್ಷರದಲ್ಲಿ, ಸಾರ್ವಜನಿಕ ಆರೋಗ್ಯಕ್ಕೆ ಕಾಲಿಡುತ್ತಿರುವ ನಮ್ಮ ಲ್ಯಾಟಿನೊ ಫೆಲೋಗಳು ಎಂದು ಬರೆದಿತ್ತು. ಆ ಪುಸ್ತಿಕೆಯ ಒಂದು ಕಟ್ಟನ್ನು ನಮ್ಮ ಕ್ಲಿನಿಕ್ಕಿನವರು, ಹದಿನಾರು ವರ್ಷ ನೀವು ದುಡಿದ ಜಾಗವೆಂಬ ಹೆಮ್ಮೆಗೆ, ರೋಗಿಗಳು ಕಾಯುವ ಬೆಂಚಿನ ಪಕ್ಕದಲ್ಲೇ ಇಟ್ಟಿದ್ದಾರೆ. ಹಲ್ಲುನೋವೆಂದು ಹೋದವರೂ ಅದನ್ನು ಓದಿಕೊಂಡು ಬರುತ್ತಿದ್ದಾರೆ.

ನಾಲ್ಕು ದಿನದಿಂದ ಫೋನ್ ಮಾಡುತ್ತಿದ್ದೀರಿ. ನಾನು ಎತ್ತುವುದಿಲ್ಲ. ಫೋನಿನಲ್ಲಿ ನೀವು ಅಳುತ್ತೀರಿ, ನೀವು ಅತ್ತರೆ ನಾನು ಕರಗುತ್ತೇನೆ, ಮೂವತ್ತು ವರ್ಷದಿಂದ ಇದೇ ಆಗಿದೆ. ಇನ್ನು ಏನಿದ್ದರೂ ಕಾಗದದಲ್ಲಿ ಬರೆಯಿರಿ.

ಆ ಪುಸ್ತಿಕೆಯಲ್ಲಿ ನೀವು ಬರೆದ ಪ್ರಬಂಧವನ್ನು ಓದಿದೆ. "ನನ್ನ ಊರಿನಲ್ಲಿ ಅಕ್ಷರ ಬಾರದ ತಾಯಿಯೊಬ್ಬಳು ಸಂತೆಯಲ್ಲಿ ಕೊಂಡ ಕಿತ್ತಳೆ ಪುಡಿಯನ್ನು ಹೊಟ್ಟೆ ಕಟ್ಟಿದ ತನ್ನ ಕೂಸಿಗೆ ತಿನ್ನಿಸಿದಳು. ಅದು ಸೀಸ. ನಾನು ಜ್ಞಾನಸ್ನಾನಕ್ಕೆ ಎತ್ತಿಕೊಂಡಿದ್ದ ಆ ಕೂಸು ಮತ್ತೆಂದೂ ಬೇರೆ ಮಕ್ಕಳಂತಾಗಲಿಲ್ಲ." ಚೆನ್ನಾಗಿದೆ. ಅಕ್ಷರ ಬಾರದ ತಾಯಿಯಂತೆ! ಕ್ಲಿನಿಕ್ ಕೆಲಸಕ್ಕೆ ನೀವು ಹಾಕಿದ ಮೊದಲ ಅರ್ಜಿಯನ್ನು ನನ್ನ ಅಡಿಗೆಮನೆಯ ಮೇಜಿನ ಮೇಲೆ ತುಂಬಿಕೊಟ್ಟವಳು ಯಾರು? ನಿಮ್ಮ ಹುಟ್ಟಿದ ತಾರೀಖನ್ನೂ ನಾನೇ ನೆನಪು ಮಾಡಿ ಬರೆದಿದ್ದೆ.

ಹೆಸರು ಬದಲಿಸಿದ್ದೀರಿ, ನಿಜ. ಆದರೆ ಬೇಕರಿಯ ಹಿಂದಿನ ಹಳದಿ ಮನೆ ಎಂದಿದ್ದೀರಿ, ತಾಯಿ ಜೋಳದ ಹಿಟ್ಟಿನ ತಮಾಲೆ ಬೇಯಿಸಿ ಮಾರುತ್ತಾಳೆ ಎಂದಿದ್ದೀರಿ. ಎಲ್ ನೊಗಾಲಿನಲ್ಲಿ ಬೇಕರಿ ಇರುವುದು ಒಂದೇ.

ನಯೆಲಿ ಕ್ಲಿನಿಕ್ಕಿಗೆ ಹೋದವಳು ಆ ಪುಸ್ತಿಕೆಯನ್ನು ಮನೆಗೆ ತಂದಳು. ತನ್ನನ್ನು ಜ್ಞಾನಸ್ನಾನಕ್ಕೆ ಎತ್ತಿಕೊಂಡ ಮದ್ರೀನಾಳ ಚಿತ್ರ ಬಂದಿದೆ ಎಂಬ ಸಂಭ್ರಮ ಅವಳಿಗೆ. ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಾಳಲ್ಲ, ಹಾಗೆ ಎರಡು ದಿನ ಓದಿದಳು. ಮೂರನೆಯ ದಿನ ಒಲೆಯ ಮುಂದೆ ಬಂದು ನಿಂತಳು. "ಅಮಾ, ನಂಗೆ ಚಿಕ್ಕವಳಿದ್ದಾಗ ಜ್ವರ ತಲೆಗೇರಿತ್ತು ಅಂತಿದ್ಯಲ್ಲ. ಜ್ವರ ಅಲ್ವಾ? ನೀನೇ ಏನೋ ತಿನ್ಸಿದ್ಯಾ?" ಎಂದು ಕೇಳಿದಳು. ಅಂದಿನಿಂದ ಅವಳು ನನ್ನ ಕೈಯಿಂದ ಏನೂ ತಿನ್ನುತ್ತಿಲ್ಲ. ಅಂಗಡಿಯಿಂದ ಕಾಗದದ ಲೋಟದ ನೂಡಲ್ಸ್ ತಂದು, ತಾನೇ ನೀರು ಕಾಯಿಸಿ, ನನಗೆ ಬೆನ್ನು ಮಾಡಿ ತಿನ್ನುತ್ತಾಳೆ. ನನ್ನ ಮಗಳು ನನ್ನ ಅಡಿಗೆಗೆ ಹೆದರುತ್ತಾಳೆ, ರೊಸಾಲ್ಬಾ.

ಆ ಪುಡಿ ಸಂತೆಯಿಂದ ಬಂದದ್ದಲ್ಲ. ನಿಮ್ಮ ಸ್ವೆಟರಿನ ಜೇಬಿನಿಂದ ಬಂದದ್ದು. ನಯೆಲಿಗೆ ಒಂದು ಕಾಗದ ಬರೆಯಿರಿ. ಪುಡಿ ತಂದವರು ಯಾರು, ಕೊಡು ಎಂದವರು ಯಾರು, ಅಮ್ಮ ಯಾರಿಗಾಗಿ ಸುಳ್ಳು ಹೇಳಿದಳು ಎಂದು ಬರೆಯಿರಿ. ಮೂರು ಸಾಲು ಸಾಕು. ಪ್ರಬಂಧ ಬೇಡ.

ಓರ್ತೆನ್ಸಿಯಾ ಬರಾಗಾನ್


ಲಾಸ್ ಏಂಜಲೀಸ್
ಅಕ್ಟೋಬರ್ 19, 2015

ಪ್ರೀತಿಯ ಕೊಮಾದ್ರೆ,

ನಿಮ್ಮ ಕಾಗದವನ್ನು ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು ಓದಿದೆ. ಎರಡನೆಯ ಸಲ ಓದುವ ಧೈರ್ಯವಾಗಲಿಲ್ಲ. ನಯೆಲಿಯ ಕೈಗೆ ಆ ಪುಸ್ತಿಕೆ ಸಿಗುತ್ತದೆಂದು ನಾನು ಎಣಿಸಿರಲಿಲ್ಲ. ಅದನ್ನು ಅಚ್ಚು ಹಾಕಿಸುತ್ತಾರೆಂದೇ ಗೊತ್ತಿರಲಿಲ್ಲ.

ಇಲ್ಲಿ ಹೇಗೆಂದು ನಿಮಗೆ ತಿಳಿದಿರಲಿ. ಓದಿಗೆ ಹಣ ಕೊಡುವ ಫೆಲೋಶಿಪ್ಪಿನ ಅರ್ಜಿಯ ಜೊತೆ ನಿಮ್ಮ ಸಮುದಾಯದ ಒಂದು ಕಥೆ ಬರೆಯಿರಿ ಎನ್ನುತ್ತಾರೆ. ನಾನು ಮೊದಲು ಬರೆದದ್ದು ನಮ್ಮ ಊರಿನ ಬಾವಿಗಳ ಬಗ್ಗೆ, ದ್ರಾಕ್ಷಿ ತೋಟದ ಔಷಧಿ ಸಿಂಪಡಣೆಯ ಬಗ್ಗೆ. ಅರ್ಜಿ ತಿದ್ದಿಕೊಡುವ ಹೆಂಗಸು ಅದನ್ನು ಬದಿಗಿಟ್ಟಳು. "ಅಂಕಿಸಂಖ್ಯೆ ಎಲ್ರೂ ಬರೀತಾರೆ ರೊಸಾಲ್ಬಾ. ನಿಮ್ ಗಾಯ ಎಲ್ಲಿ? ಅದನ್ನ ತೋರ್ಸಿ" ಎಂದಳು. ನನಗಿದ್ದ ಗಾಯ ಅದೊಂದೇ. ನಾನು ನಯೆಲಿಯನ್ನು ನೆನೆಯದ ದಿನವಿಲ್ಲ.

ಸಂತೆಯಲ್ಲಿ ಕೊಂಡದ್ದೆಂದು ಏಕೆ ಬರೆದೆ ಎನ್ನುತ್ತೀರಿ. ಕೌಂಟಿ ಆರೋಗ್ಯ ಇಲಾಖೆಯ ದಾಖಲೆಯಲ್ಲಿ ಹಾಗೇ ಇದೆ. ಹಾಗೆ ಬರೆಸಿದವರು ನೀವು. ಹದಿನಾರು ವರ್ಷ ನನಗೆ ನಾನೇ ಅದನ್ನು ಹೇಳಿಕೊಂಡು ಹೇಳಿಕೊಂಡು ಅದೇ ನಿಜವೆನ್ನಿಸಿಬಿಟ್ಟಿತ್ತು. ಆಣೆ ಮಾಡಿ ಹೇಳುತ್ತೇನೆ, ಬರೆಯುವಾಗ ಸುಳ್ಳು ಬರೆಯುತ್ತಿದ್ದೇನೆಂದು ಅನ್ನಿಸಲಿಲ್ಲ.

ಇನ್ನೊಂದು ಮಾತು. ಹೇಳಬಾರದೆಂದುಕೊಂಡಿದ್ದೆ, ಆದರೆ ನೀವು ಎಲ್ಲವನ್ನೂ ನನ್ನ ತಲೆಗೇ ಕಟ್ಟುತ್ತಿದ್ದೀರಿ. ನಾನು ಹೇಳಿದ್ದು ಒಂದು ಚಿಟಿಕೆ. ಎಣ್ಣೆಯಲ್ಲಿ ಕಲಸಿ, ಒಂದು ಸಲ. ನೀವು ಮೂರು ದಿನ ಕೊಟ್ಟಿರಿ. ನನಗೀಗ ಪ್ರಮಾಣ ಎಂದರೇನೆಂದು ಗೊತ್ತಿದೆ. ಮೂರಕ್ಕೂ ಒಂದಕ್ಕೂ ವ್ಯತ್ಯಾಸವಿದೆ.

ನನಗೀಗ ನಲವತ್ತೊಂದು. ಬಗಲಲ್ಲಿ ಕೂರುವವರಿಗೆಲ್ಲ ಇಪ್ಪತ್ತನಾಲ್ಕು, ಇಪ್ಪತ್ತೈದು. ನಾನು ಇಲ್ಲಿಗೆ ಬಂದದ್ದು ಎಷ್ಟು ಕಷ್ಟದಿಂದೆಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ದಯವಿಟ್ಟು ಇದನ್ನು ಕಿತ್ತುಕೊಳ್ಳಬೇಡಿ. ನಯೆಲಿಗೆ ಸ್ವಲ್ಪ ಸಮಯ ಕೊಡಿ, ಮರೆಯುತ್ತಾಳೆ.

ನಿಮ್ಮ ಕೊಮಾದ್ರೆ,
ರೊಸಾಲ್ಬಾ ಕಿನ್ಯೋನೆಸ್


ಎಲ್ ನೊಗಾಲ್
ನವೆಂಬರ್ 2, 2015

ಕೊಮಾದ್ರೆ,

ಇಂದು ಸತ್ತವರ ದಿನ. ನನ್ನ ಗಂಡನ ಚಿತ್ರಕ್ಕೆ ಚೆಂಡುಹೂ ಹಾಕಿ, ಅವರಿಗೆ ಇಷ್ಟವಾದ ರೊಟ್ಟಿ ಇಟ್ಟು, ಈಗ ಕೂತಿದ್ದೇನೆ. ಸತ್ತವರಾದರೂ ನಾನು ಇಟ್ಟದ್ದನ್ನು ತಿನ್ನುತ್ತಾರೆ.

ಮರೆಯುತ್ತಾಳಂತೆ! ನಯೆಲಿ ಕಲಿಯುವುದು ನಿಧಾನ, ಮರೆಯುವುದು ಅದಕ್ಕಿಂತ ನಿಧಾನ. ಇದು ಗೊತ್ತಿಲ್ಲದೆ ನೀವು ಎಂಥ ಜ್ಞಾನತಾಯಿ?

ಮೂರು ದಿನ ಕೊಟ್ಟೆ. ಹೌದು. ಎರಡನೆಯ ದಿನ ಮಗು ವಾಂತಿ ಮಾಡಿದಾಗ ನಿಮ್ಮ ಮನೆಗೆ ಓಡಿ ಬಂದೆ. ನೀವು ಕ್ಲಿನಿಕ್ಕಿನ ಹೊಸ ಬ್ಯಾಡ್ಜನ್ನು ಕನ್ನಡಿಯ ಮುಂದೆ ನೇರ ಮಾಡಿಕೊಳ್ಳುತ್ತಿದ್ದಿರಿ. "ಕಟ್ಟು ಇನ್ನೂ ಬಿಟ್ಟಿಲ್ಲ ಕೊಮಾದ್ರೆ. ವಾಂತಿಯಾದ್ರೆ ಒಳ್ಳೇದೇ. ಇನ್ನೊಂದ್ ಚಿಟಿಕೆ ಕೊಡಿ, ನಮ್ಮಮ್ಮ ಹಂಗೇ ಕೊಡ್ತಿದ್ದಿದ್ದು" ಎಂದಿರಿ. ನೀವು ಬ್ಯಾಡ್ಜಿನವರು. ನಂಬಿದೆ. ಪ್ರಮಾಣದ ಪಾಠವನ್ನು ನನಗೆ ಹೇಳಲು ಬರಬೇಡಿ.

ಕೌಂಟಿಯ ನರ್ಸ್ ಬಂದ ದಿನವನ್ನೂ ನೆನಪಿಸುತ್ತೇನೆ. ನಯೆಲಿ ಆಸ್ಪತ್ರೆಯಲ್ಲಿ, ಕೈಕಾಲು ಸೆಟೆಯುತ್ತಿದ್ದ ಮಗು, ಕೈಗೆ ಸೂಜಿ ಕಟ್ಟಿದ್ದರು. ನರ್ಸ್ ನನ್ನ ಅಡಿಗೆಮನೆಯಲ್ಲಿ ಮಡಕೆಗಳನ್ನು ಕೆರೆದು ನೋಡುತ್ತಾ, "ಪುಡಿ ಎಲ್ಲಿಂದ ಬಂತು?" ಎಂದಳು. ನೀವು ಬಾಗಿಲಲ್ಲಿ ನಿಂತಿದ್ದಿರಿ. ಕೆಲಸಕ್ಕೆ ಸೇರಿ ನಲವತ್ತು ದಿನ. ಮನೆಮನೆಗೆ ಹೋಗಿ ತಾಯಂದಿರಿಗೆ ಬುದ್ಧಿ ಹೇಳುವ ಕೆಲಸ. ನಾನು ನಿಮ್ಮ ಮುಖ ನೋಡಿದೆ. "ಸಂತೇಲಿ ತಗೊಂಡೆ. ಯಾರೋ ಗೊತ್ತಿಲ್ಲ" ಎಂದೆ. ನರ್ಸ್ ನನ್ನನ್ನು ನೋಡಿದ ರೀತಿಯನ್ನು ನಾನು ಸಾಯುವವರೆಗೂ ಮರೆಯಲಾರೆ. ನೀವು ಅಂದು ನನಗೆ ಒಂದು ಮಾತೂ ಹೇಳಲಿಲ್ಲ. ಇಂದಿಗೂ ಹೇಳಿಲ್ಲ.

ಚಿಕ್ಕಂದಿನಿಂದ ನೀನು ಎಂದೇ ಮಾತಾಡಿಕೊಂಡು ಬಂದವರು ನಾವು. ನನ್ನ ಮಗಳನ್ನು ನೀವು ತೀರ್ಥದ ತೊಟ್ಟಿಯ ಮುಂದೆ ಎತ್ತಿ ಹಿಡಿದ ದಿನದಿಂದ, ನಮ್ಮವರ ರೂಢಿಯಂತೆ, ಕೊಮಾದ್ರೆ ಎಂದು ಕರೆದು ನೀವು ಎನ್ನುತ್ತಿದ್ದೇನೆ. ಆ ಮರ್ಯಾದೆಯೂ ಎಷ್ಟು ದಿನ ಉಳಿಯುತ್ತದೋ ನೋಡೋಣ.

ಮೂರು ಸಾಲು. ಕಾಯುತ್ತಿದ್ದೇನೆ.

ಓರ್ತೆನ್ಸಿಯಾ


ಲಾಸ್ ಏಂಜಲೀಸ್
ನವೆಂಬರ್ 30, 2015

ಕೊಮಾದ್ರೆ,

ಕಳೆದ ವಾರ ತರಗತಿಯಲ್ಲಿ ಪ್ರೊಫೆಸರ್ ಗೋಡೆಯ ಮೇಲೆ ಒಂದು ಚಿತ್ರ ಹಾಕಿದರು. ಬಿಳಿ ಕಾಗದ, ಮೇಲೆ ಕಿತ್ತಳೆ ಪುಡಿ, ಪಕ್ಕದಲ್ಲಿ ಒಂದು ಚಮಚ. ನೂರಕ್ಕೆ ತೊಂಬತ್ತು ಪಾಲು ಸೀಸ ಎಂದರು. ಹುಡುಗರೆಲ್ಲ ಬರೆದುಕೊಂಡರು. ನನಗೆ ನನ್ನ ತಾಯಿ ಆ ಪುಡಿ ಕಟ್ಟಿಡುತ್ತಿದ್ದ ಶಾಲಿನ ಗಂಟು ಕಣ್ಣ ಮುಂದೆ ಬಂತು. ನನ್ನ ಹಿಂದೆ ಹುಟ್ಟಿದ ಇಬ್ಬರು ನನ್ನ ಹುಟ್ಟೂರು ಸಾಕಾಟೆಕಾಸಿನಲ್ಲಿ ಹೊಟ್ಟೆ ಕಟ್ಟಿಯೇ ಸತ್ತದ್ದು. ಇಬ್ಬರಿಗೂ ಅವಳು ಅದನ್ನೇ ಕೊಟ್ಟಿದ್ದಳು. ಪ್ರೀತಿಯಿಂದ ಕೊಟ್ಟಿದ್ದಳು. ನಾನೂ ಪ್ರೀತಿಯಿಂದಲೇ ತಂದೆ. ಇದನ್ನು ಯಾರಿಗೂ ಹೇಳಿರಲಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಆದರೆ ನೀವು ಕೇಳುವ ಮೂರು ಸಾಲು ನನ್ನಿಂದ ಆಗದು. ಕಾರಣ ಹೇಳುತ್ತೇನೆ. ಫೆಲೋಶಿಪ್ಪಿನ ಪತ್ರದಲ್ಲಿ ಒಂದು ಷರತ್ತಿದೆ. ಅರ್ಜಿಯಲ್ಲಿ ಬರೆದದ್ದು ಸುಳ್ಳೆಂದು ತಿಳಿದರೆ ಅಂದೇ ಹೊರಗೆ. ನಯೆಲಿ ಗುಟ್ಟು ಇಟ್ಟುಕೊಳ್ಳುವವಳಲ್ಲ. ಬೇಕರಿಯಲ್ಲಿ ಒಬ್ಬರಿಗೆ ಹೇಳಿದರೂ ಸಂಜೆಯೊಳಗೆ ಕ್ಲಿನಿಕ್ಕಿಗೆ ಮುಟ್ಟುತ್ತದೆ.

ನನಗಾಗಿ ಕೇಳುತ್ತಿಲ್ಲ. ಓದು ಮುಗಿಸಿ ಎಲ್ ನೊಗಾಲಿಗೇ ಬರುತ್ತೇನೆ. ಊರಿನ ಐದು ವರ್ಷದೊಳಗಿನ ನಾನೂರು ಮಕ್ಕಳ ರಕ್ತ ಪರೀಕ್ಷೆ ಮಾಡಿಸುತ್ತೇನೆ, ಒಂದೊಂದು ಮನೆಯ ಮಡಕೆ, ಮಿಠಾಯಿ, ಪುಡಿ ಎಲ್ಲವನ್ನೂ ನೋಡುತ್ತೇನೆ. ಯೋಜನೆ ಬರೆದಾಗಿದೆ. ನಿಮ್ಮ ಮಗಳ ಊಟ ಒಂದು ಕಡೆ, ನಾನೂರು ಮಕ್ಕಳ ತಲೆ ಒಂದು ಕಡೆ. ನೀವೇ ತೂಗಿ ನೋಡಿ.

ನಯೆಲಿಗೆ ಬೇರೆ ಕಾಗದ ಇಟ್ಟಿದ್ದೇನೆ. ಯಾರದೂ ತಪ್ಪಿಲ್ಲ, ಆ ಕಾಲದಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂದು ಬರೆದಿದ್ದೇನೆ. ಓದಿ ಹೇಳಿ.

ರೊಸಾಲ್ಬಾ


ಎಲ್ ನೊಗಾಲ್
ಡಿಸೆಂಬರ್ 20, 2015

ಕೊಮಾದ್ರೆ,

ನಿಮ್ಮ ಬೆಣ್ಣೆಯಂಥ ಕಾಗದವನ್ನು ನಯೆಲಿಗೆ ಕೊಡಲಿಲ್ಲ. ಹರಿದು ಒಲೆಗೆ ಹಾಕಿದೆ. ಯಾರದೂ ತಪ್ಪಿಲ್ಲವಂತೆ. ಪುಸ್ತಿಕೆಯಲ್ಲಿ ನನ್ನ ತಪ್ಪು, ಕಾಗದದಲ್ಲಿ ಯಾರದೂ ತಪ್ಪಿಲ್ಲ. ನಿಮ್ಮ ತಪ್ಪು ಮಾತ್ರ ಎಲ್ಲಿಯೂ ಬರುವುದಿಲ್ಲ. ಎಷ್ಟು ಚೆನ್ನಾಗಿ ಓದು ಹತ್ತಿದೆ ನಿಮಗೆ!

ನನ್ನ ಮಗಳ ಊಟ ಒಂದು ಕಡೆ, ನಾನೂರು ಮಕ್ಕಳು ಒಂದು ಕಡೆ ಎಂದು ತಕ್ಕಡಿ ಹಿಡಿದಿದ್ದೀರಿ. ನಾನು ವ್ಯಾಪಾರದವಳು, ತಕ್ಕಡಿ ನನಗೂ ಗೊತ್ತು. ತೂಗುವವನ ಹೆಬ್ಬೆರಳು ತಟ್ಟೆಯ ಮೇಲಿದ್ದರೆ ನೂರೂ ನಾನೂರಾಗುತ್ತದೆ.

ಕ್ರಿಸ್ಮಸ್ ಹತ್ತಿರ ಬಂತು. ಪ್ರತಿ ವರ್ಷ ಈ ಹೊತ್ತಿಗೆ ತಮಾಲೆ ಸುತ್ತುವ ಜೋಳದ ಸಿಪ್ಪೆ ನೆನೆಹಾಕಲು ನನ್ನ ಸ್ನಾನದ ತೊಟ್ಟಿಯೂ ಸಾಲುತ್ತಿರಲಿಲ್ಲ. ಈ ಸಲ ಒಂದು ಬಕೆಟ್ಟು ಸಾಕಾಗಿದೆ. ಚರ್ಚಿನಲ್ಲಿ ಪೂಜೆ ಮುಗಿಸಿ ಬರುವ ಹೆಂಗಸರು ನನ್ನ ತಮಾಲೆ ಡಬ್ಬಿಯ ಮುಂದೆ ಹಾಯುವಾಗ ಮೊಬೈಲ್ ನೋಡುತ್ತಾರೆ. ಒಬ್ಬಳು ಮಗುವಿಗೆ, "ಬೇಡ ಕಂದ, ಬೇರೆ ಕಡೆ ಕೊಡಿಸ್ತೀನಿ" ಎಂದಳು, ಮೆಲ್ಲಗೆ. ಮೆಲ್ಲಗೆ ಹೇಳಿದ್ದು ಜಾಸ್ತಿ ಕೇಳಿಸುತ್ತದೆ. ಅದನ್ನು ತಡೆದುಕೊಂಡೆ. ನಯೆಲಿಯ ನೂಡಲ್ಸ್ ಲೋಟಗಳನ್ನು ಕಸಕ್ಕೆ ಹಾಕುವಾಗ ಮಾತ್ರ ತಡೆಯಲಾಗುವುದಿಲ್ಲ. ಹಣ್ಣಿನ ಶೆಡ್ಡಿನಲ್ಲಿ ಇಡೀ ದಿನ ಪೆಟ್ಟಿಗೆಗೆ ಚೀಟಿ ಅಂಟಿಸಿ ಬರುತ್ತಾಳೆ, ಸೊರಗಿದ್ದಾಳೆ.

ಈಗ ಕೇಳಿ ಒಂದು ತಮಾಷೆ. ನಿಮಗೆ ಫೆಲೋಶಿಪ್ ಕೊಟ್ಟ ಫೌಂಡೇಶನ್ನಿನವರು ಕ್ಲಿನಿಕ್ಕಿನ ಮೂಲಕ ನನಗೆ ಆಮಂತ್ರಣ ಕಳಿಸಿದ್ದಾರೆ. ಮೇ 14ಕ್ಕೆ ಸಮಾರಂಭವಂತೆ, ನೀವು ವೇದಿಕೆಯ ಮೇಲೆ ಆ ಪ್ರಬಂಧ ಓದುತ್ತೀರಂತೆ. ಕಥೆಯಲ್ಲಿನ ಧೈರ್ಯವಂತ ತಾಯಿ ಬಂದರೆ ಸನ್ಮಾನ ಮಾಡುತ್ತಾರಂತೆ. ನಾಲ್ಕು ಕುರ್ಚಿ ಕಾದಿರಿಸಿದ್ದಾರೆ. ಅಕ್ಷರ ಬಾರದವಳಿಗೆ ಎಷ್ಟು ಉದ್ದದ ಆಮಂತ್ರಣ!

ಬರುತ್ತೇನೆ. ನೀವು ಅಷ್ಟರೊಳಗೆ ನಯೆಲಿಗೆ ಬರೆಯದಿದ್ದರೆ, ಅಲ್ಲಿ ಎದ್ದು ನಿಂತು ನಾನೇ ಹೇಳುತ್ತೇನೆ. ಆಮೇಲೆ ಅವರು ಯಾರಿಗೆ ಸನ್ಮಾನ ಮಾಡುತ್ತಾರೋ ಮಾಡಲಿ.

ಓರ್ತೆನ್ಸಿಯಾ


ಲಾಸ್ ಏಂಜಲೀಸ್
ಜನವರಿ 11, 2016

ಓರ್ತೆನ್ಸಿಯಾ,

ಬನ್ನಿ. ಎದ್ದು ನಿಲ್ಲಿ. ಆದರೆ ಹೇಳುವುದಾದರೆ ಪೂರ್ತಿ ಹೇಳಿ.

ಇಲ್ಲಿ ನಮಗೆ ಕಲಿಸುವ ಮೊದಲ ಪಾಠವೇ ಮೂಲ ಪತ್ತೆ. ವಿಷ ಎಲ್ಲಿಂದ ಬಂತು ಎಂಬುದು ಮೊದಲ ಪ್ರಶ್ನೆ. ಇನ್ನು ಯಾರ ಮನೆಗೆ ಹೋಗಿದೆ ಎಂಬುದು ಎರಡನೆಯದು. ಆ ನರ್ಸ್ ಎರಡೂ ಪ್ರಶ್ನೆ ಕೇಳಿದ್ದಳು. ಮೊದಲನೆಯದಕ್ಕೆ ನೀವು ಕೊಟ್ಟ ಉತ್ತರವನ್ನು ನನ್ನ ಮೇಲಿನ ಉಪಕಾರವೆಂದು ಮೂರು ತಿಂಗಳಿಂದ ಹಾಡುತ್ತಿದ್ದೀರಿ. ಎರಡನೆಯದರ ಸುದ್ದಿಯೇ ಎತ್ತುವುದಿಲ್ಲ, ಏಕೆ?

"ಇನ್ಯಾರ ಹತ್ರಾನಾದ್ರೂ ಇದ್ಯಾ?" ಎಂದು ಕೇಳಿದಳು. "ಇಲ್ಲ" ಎಂದಿರಿ.

ಹಿಂದಿನ ದಿನವೇ ಆಸ್ಪತ್ರೆಯ ಮೆಟ್ಟಿಲ ಮೇಲೆ ನಾನು ನಿಮಗೆ ಹೇಳಿದ್ದೆ. ಪೊಟ್ಟಣದ ಅರ್ಧವನ್ನು ಕಾಲುವೆಯಾಚೆಯ ಅರ್ಚುಲೆತಾ ಮನೆಗೆ ಕೊಟ್ಟಿದ್ದೇನೆ, ಅಲ್ಲಿ ಎಲೋದಿಯಾಳ ಅತ್ತೆ ಕೇಳಿ ಇಸಿದುಕೊಂಡಳು, ಎಲೋದಿಯಾಳ ಕೂಸು ಬ್ರೆಂಡಾಗೂ ಹೊಟ್ಟೆ ಸರಿಯಿಲ್ಲವಂತೆ ಎಂದು. ನಾನು ಅಂದು ಸಂಜೆ ಓಡಿಹೋಗಿ, ಪುಡಿ ಹಳತಾಗಿದೆ ಎಂದು ಸುಳ್ಳು ಹೇಳಿ ಉಳಿದದ್ದನ್ನು ತಂದು ಚರಂಡಿಗೆ ಸುರಿದೆ. ಆದರೆ ಮುದುಕಿ ಅಷ್ಟರಲ್ಲಿ ನಾಲ್ಕು ದಿನ ಕೊಟ್ಟಾಗಿತ್ತು. ನರ್ಸಿಗೆ ಗೊತ್ತಾಗಿದ್ದರೆ ಅಂದೇ ಆ ಮಗುವಿನ ರಕ್ತ ತೆಗೆಯುತ್ತಿದ್ದರು, ನಯೆಲಿಗೆ ಕೊಟ್ಟ ಔಷಧಿಯನ್ನೇ ಅವಳಿಗೂ ಕೊಡುತ್ತಿದ್ದರು. ನಯೆಲಿ ನಿಧಾನವಾಗಿಯಾದರೂ ಓದುತ್ತಾಳೆ, ದುಡಿಯುತ್ತಾಳೆ. ಬ್ರೆಂಡಾಗೆ ತನ್ನ ಜಡೆ ತಾನು ಹಾಕಿಕೊಳ್ಳಲು ಬರುವುದಿಲ್ಲ. ಮಗು ತೊಟ್ಟಿಲಿನಿಂದ ಬಿದ್ದು ಹೀಗಾಯಿತೆಂದು ಎಲೋದಿಯಾ ಇಂದಿಗೂ ನಂಬಿದ್ದಾಳೆ. ಸರಿಯಾಗಿ ನೋಡಿಕೊಳ್ಳಲಿಲ್ಲವೆಂದು ತನ್ನನ್ನೇ ಬೈದುಕೊಳ್ಳುತ್ತಾಳೆ.

ನಾನು ಬಾಯಿ ಬಿಡಲಿಲ್ಲ, ಒಪ್ಪಿದೆ. ಹೆದರಿದ್ದೆ. ನೀವು ಏಕೆ ಬಿಡಲಿಲ್ಲ? ಎಲ್ಲ ನನ್ನ ಕೆಲಸ ಉಳಿಸಲಿಕ್ಕೇ? ಆ ವರ್ಷ ಅವರ ನಾಯಿ ನಿಮ್ಮ ಹುಂಜವನ್ನು ಕಚ್ಚಿ ತಿಂದು ನಿಮಗೂ ಎಲೋದಿಯಾಗೂ ಮಾತೇ ಇರಲಿಲ್ಲ. ನೀವು ಅವರ ಹೊಸ್ತಿಲು ತುಳಿಯುತ್ತಿರಲಿಲ್ಲ. ಆ ಕೋಪವೂ ಸ್ವಲ್ಪ ಸೇರಿರಲಿಲ್ಲವೇ? ನಿಮ್ಮ ಎದೆ ಮುಟ್ಟಿ ಹೇಳಿ.

ಕುಂಬಳಕಾಯಿ ಕಳ್ಳರು ಇಬ್ಬರಿದ್ದೇವೆ. ನನ್ನ ಹೆಗಲನ್ನೇ ಎಷ್ಟು ದಿನ ಮುಟ್ಟಿ ನೋಡುತ್ತೀರಿ? ಇನ್ನು ನನಗೆ ಬರೆಯಬೇಡಿ.

ರೊಸಾಲ್ಬಾ ಕಿನ್ಯೋನೆಸ್


ಎಲ್ ನೊಗಾಲ್
ಮಾರ್ಚ್ 27, 2016, ಈಸ್ಟರ್ ಭಾನುವಾರ

ರೊಸಾಲ್ಬಾ,

ಎರಡೂವರೆ ತಿಂಗಳು ಬರೆಯಲಿಲ್ಲ. ನೀನು ಬೇಡವೆಂದೆ ಎಂದಲ್ಲ.

ಹೌದು, ಹುಂಜದ ಕೋಪ ಸೇರಿತ್ತು. ನರ್ಸ್ ಎರಡನೆಯ ಪ್ರಶ್ನೆ ಕೇಳಿದಾಗ ನನ್ನ ಮನಸ್ಸಿನಲ್ಲಿ ಮೊದಲು ಬಂದದ್ದು ನಿನ್ನ ಕೆಲಸ. ಅದರ ಹಿಂದೆಯೇ ಎಲೋದಿಯಾ ಕಾಲುವೆಯಾಚೆ ನಿಂತು ನನ್ನನ್ನು ನೋಡಿ ನಕ್ಕ ಮುಖ ಬಂತು. ಆಮೇಲೆ ಇಲ್ಲ ಎಂದೆ. ಇಷ್ಟು ವರ್ಷ ಪಾದ್ರಿಯ ಕಿವಿಗೂ ಹಾಕದ ಮಾತು ಇದು. ನಿನ್ನ ಕಾಗದ ಅದನ್ನು ಎಳೆದು ಹೊರಗೆ ಹಾಕಿತು. ನಿನ್ನನ್ನು ದ್ವೇಷಿಸುತ್ತಲೇ ಒಪ್ಪಿಕೊಳ್ಳುತ್ತೇನೆ.

ಮೊನ್ನೆ ಶುಭ ಶುಕ್ರವಾರ ಕಾಪಿರೋತಾದಾ ಮಾಡಿದೆ. ಹಳೆ ರೊಟ್ಟಿ, ಬೆಲ್ಲದ ಪಾಕ, ಮೇಲೆ ಚೀಸ್. ನಾವು ಬೀದಿಯವರೆಲ್ಲ ಒಬ್ಬರಿಗೊಬ್ಬರು ತಟ್ಟೆ ಹಂಚುವ ದಿನ. ಒಂದು ತಟ್ಟೆ ಮುಚ್ಚಿಕೊಂಡು, "ನಯೆಲಿ, ಎಲೋದಿಯಾ ಮನೆಗೆ ಹೋಗ್ಬೇಕು. ನೀನೂ ಬಾ. ಒಂದು ಮಾತು ಹೇಳೋದಿದೆ, ನೀನೂ ಕೇಳ್ಬೇಕು" ಎಂದೆ. ಕಾಲುವೆಯ ಸೇತುವೆ ದಾಟುವಾಗ ನನ್ನ ಕಾಲು ಎರಡು ಸಲ ನಿಂತಿತು.

ಎಲೋದಿಯಾ ಬ್ರೆಂಡಾಳ ಜಡೆ ಹಾಕುತ್ತಿದ್ದಳು. ನಾನು ಕೂರಲಿಲ್ಲ. ಕೂತರೆ ಬೇರೆ ಮಾತು ಶುರುವಾಗುತ್ತದೆಂದು ನಿಂತೇ ಹೇಳಿದೆ. "ಎಲೋದಿಯಾ, ನಿನ್ ಮಗಳು ತೊಟ್ಲಿಂದ ಬಿದ್ದು ಹಿಂಗಾಗಿಲ್ಲ. ನಯೆಲಿ ತಿಂದ ಪುಡೀನೇ ನಿಮ್ಮತ್ತೆ ಇವಳಿಗೂ ಕೊಟ್ಟಿದ್ರು. ನಂಗದು ಗೊತ್ತಿತ್ತು. ನರ್ಸ್ ಕೇಳ್ದಾಗ ಯಾರ ಹತ್ರಾನೂ ಇಲ್ಲ ಅಂದ್ಬಿಟ್ಟೆ" ಎಂದೆ.

ಅವಳು ಜಡೆ ಬಿಡಲಿಲ್ಲ. ಕೊನೆಯವರೆಗೆ ಹೆಣೆದು ರಬ್ಬರ್ ಹಾಕಿದಳು. ಆಮೇಲೆ, "ನಮ್ಮತ್ತೆ ಸತ್ತುಹೋದ್ರು, ಕೇಳೋ ಹಂಗಿಲ್ಲ. ಅವ್ರ ಕೈಗೆ ತಂದ್ಕೊಟ್ಟೋರು ಯಾರು? ನೀನಾ?" ಎಂದಳು.

ನಾನು ತಟ್ಟೆಯನ್ನು ಮೇಜಿನ ಮೇಲಿಟ್ಟೆ.

"ಹದ್ನೇಳು ವರ್ಷ ಕಣೆ. ನಾನು ಅವತ್ತು ಬಟ್ಟೆ ಒಣಗಾಕೋಕೆ ಯಾಕಾದ್ರೂ ಆಚೆ ಹೋದ್ನೋ ಅಂತ ಹದ್ನೇಳು ವರ್ಷದಿಂದ ದಿನಾ ಸಾಯ್ತಿದೀನಿ. ನೀನು ಭಾನುವಾರ ಭಾನುವಾರ ನನ್ ಪಕ್ಕ ಕೂತು ಪ್ರಾರ್ಥನೆ ಮಾಡ್ದೆ" ಎಂದಳು. ಕೂಗಲಿಲ್ಲ. ಕೂಗಿದ್ದರೆ ತಡೆದುಕೊಳ್ಳುತ್ತಿದ್ದೆ. ಕಾಪಿರೋತಾದಾವನ್ನು ಹಾಗೇ ಕಸದ ಡಬ್ಬಿಗೆ ಬಗ್ಗಿಸಿ, ತಟ್ಟೆ ತೊಳೆದು, ಒರೆಸಿ, ನನ್ನ ಕೈಗೆ ಕೊಟ್ಟಳು. ನಮ್ಮಲ್ಲಿ ತಟ್ಟೆ ಖಾಲಿ ಹಿಂದಿರುಗುವುದಿಲ್ಲ, ಒಂದು ನಿಂಬೆಹಣ್ಣಾದರೂ ಇಟ್ಟು ಕೊಡುತ್ತಾರೆ. ಬೀದಿಯುದ್ದಕ್ಕೂ ಆ ಖಾಲಿ ತಟ್ಟೆ ಹಿಡಿದು ನಡೆದು ಬಂದೆ. ಎಲ್ಲರೂ ನೋಡಿದರು.

ನಿನ್ನ ಹೆಸರು ಹೇಳಲಿಲ್ಲ. ಉಪಕಾರವೆಂದು ತಿಳಿಯಬೇಡ. ನಿನ್ನ ಪಾಪವನ್ನು ನಾನು ಹೇಳಿದರೆ ಅದು ಚಾಡಿಯಾಗುತ್ತದೆ, ನಾನು ನನ್ನದನ್ನು ಹಂಚಿ ಹಗುರ ಮಾಡಿಕೊಂಡಂತಾಗುತ್ತದೆ. ನನ್ನ ಪಾಲು ನಾನು ಹೇಳಿಯಾಯಿತು. ಇನ್ನು ನಿನ್ನ ಹತ್ತಿರ ನನ್ನನ್ನು ಹೆದರಿಸಲು ಏನೂ ಉಳಿದಿಲ್ಲ.

ನೀವು ಎನ್ನುವುದನ್ನು ಬಿಟ್ಟಿರುವುದನ್ನು ಗಮನಿಸಿರುತ್ತೀಯ. ನನ್ನ ಮಗಳ ಜ್ಞಾನತಾಯಿಗೆ ಆ ಮರ್ಯಾದೆ ಕೊಡುತ್ತಿದ್ದೆ. ಅವಳು ಈಗ ಎಲ್ಲಿದ್ದಾಳೋ ನನಗೆ ತಿಳಿಯದು.

ಓರ್ತೆನ್ಸಿಯಾ


ಲಾಸ್ ಏಂಜಲೀಸ್
ಏಪ್ರಿಲ್ 9, 2016

ಓರ್ತೆನ್ಸಿಯಾ,

ನಯೆಲಿ ಏನೆಂದಳು? ಅವಳಿಗೆ ಎಷ್ಟು ತಿಳಿದಿದೆ? ಅದನ್ನು ನೀನು ಬರೆಯಲೇ ಇಲ್ಲ. ಹತ್ತು ಸಲ ಫೋನ್ ಮಾಡಿದೆ.

ನೀನು ಬರುತ್ತೀಯಾ ಇಲ್ಲವಾ ಎಂದು ಫೌಂಡೇಶನ್ನಿನ ನಿರ್ದೇಶಕರು ಕೇಳುತ್ತಿದ್ದಾರೆ. ಕುರ್ಚಿಯ ಮೇಲೆ ಹೆಸರಿನ ಚೀಟಿ ಹಾಕಬೇಕಂತೆ. ಬರುವುದಿಲ್ಲ, ಮೈ ಹುಷಾರಿಲ್ಲ ಎಂದು ಹೇಳಿಬಿಡಲೇ? ಒಂದು ಸಾಲು ಬರೆ. ಬೈದಾದರೂ ಬರೆ. ನನಗೆ ನಿದ್ದೆಯಿಲ್ಲ, ಪ್ರಬಂಧವನ್ನು ಗಟ್ಟಿಯಾಗಿ ಓದಿ ಅಭ್ಯಾಸ ಮಾಡು ಎಂದಿದ್ದಾರೆ, ಎರಡನೆಯ ಸಾಲಿಗೇ ಮಡಚಿಡುತ್ತೇನೆ.

ರೊಸಾಲ್ಬಾ


ಎಲ್ ನೊಗಾಲ್
ಏಪ್ರಿಲ್ 24, 2016

ಮದ್ರೀನಾ ಅವರಿಗೆ,

ನಾನು ನಯೆಲಿ. ಈ ಕಾಗದ ಬರೆಯಲು ನಾಲ್ಕು ದಿನ ಹಿಡಿಯಿತು. ಅಮ್ಮನಿಗೆ ತೋರಿಸಿಲ್ಲ.

ಎಲೋದಿಯಾ ಅವರ ಮನೆಯಿಂದ ಬರುವಾಗ ನಾನು ಯೋಚನೆ ಮಾಡುತ್ತಾ ಬಂದೆ. ಹುಂಜದ ಜಗಳ ನನಗೆ ಗೊತ್ತು, ಎಲ್ಲರೂ ಅದನ್ನು ಹೇಳಿ ನಗುತ್ತಾರೆ. ನಾನು ಚಿಕ್ಕವಳಿದ್ದಾಗ ಅಮ್ಮ ಎರಡು ವರ್ಷ ಆ ಮನೆಗೆ ಹೋಗಿಲ್ಲ. ಹಾಗಾದರೆ ಬ್ರೆಂಡಾಳ ಅಜ್ಜಿಗೆ ಪುಡಿ ಕೊಟ್ಟವರು ಅಮ್ಮ ಅಲ್ಲ. ಕಾಲುವೆಯ ಎರಡೂ ಕಡೆ ಎಲ್ಲರ ಮನೆಗೆ ಹೋಗುತ್ತಿದ್ದವರು ಒಬ್ಬರೇ. ಬ್ಯಾಡ್ಜ್ ಹಾಕಿಕೊಂಡು ಹೋಗುತ್ತಿದ್ದರು. ಇದನ್ನು ಯೋಚಿಸಿ ಮುಗಿಸುವಾಗ ಎರಡು ದಿನವಾಗಿತ್ತು. ನಾನು ನಿಧಾನ, ನಿಮಗೆ ಗೊತ್ತಲ್ಲ.

"ಅಮಾ, ಮದ್ರೀನಾನಾ?" ಎಂದು ಕೇಳಿದೆ. ಅಮ್ಮ ಹೆಂಚಿನ ಮೇಲೆ ತೋರ್ತಿಯಾ ತಿರುವಿ ಹಾಕುತ್ತಿದ್ದಳು, ಅದು ಸೀದುಹೋಯಿತು. ಅಮ್ಮ ತೋರ್ತಿಯಾ ಸೀಯಿಸುವವಳಲ್ಲ. ಆಗ ನನಗೆ ತಿಳಿಯಿತು. ನಾನು ತಟ್ಟೆ ಹಾಕಿಕೊಂಡು ಕೂತೆ. ಅಮ್ಮ ಬೇಯಿಸಿದ ಕಾಳು ಬಡಿಸಿದಳು. ಉಪ್ಪು ಜಾಸ್ತಿಯಾಗಿತ್ತು. ತಿಂದೆ. ಈಗ ದಿನಾ ತಿನ್ನುತ್ತೇನೆ.

ಪುಡಿಗಾಗಿ ನನಗೆ ಕೋಪವಿಲ್ಲ. ನಿಮಗೂ ಗೊತ್ತಿರಲಿಲ್ಲ, ಅಮ್ಮನಿಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಹೇಳಲಿಲ್ಲವಲ್ಲ, ಅದಕ್ಕೆ ಕೋಪ. ಅಮ್ಮನ ಮೇಲೂ ಇದೆ. ಆದರೆ ಅಮ್ಮ ಆ ಖಾಲಿ ತಟ್ಟೆ ಹಿಡಿದು ನಡೆದು ಬಂದಳು, ನಾನು ಜೊತೆಗಿದ್ದೆ.

ಎಲೋದಿಯಾ ಅವರು ಅಮ್ಮನನ್ನು ಒಳಗೆ ಬಿಡುವುದಿಲ್ಲ, ನನ್ನನ್ನು ಬಿಡುತ್ತಾರೆ. ಕೆಲಸ ಮುಗಿಸಿ ಹೋಗಿ ಬ್ರೆಂಡಾಗೆ ಜಡೆ ಹಾಕುತ್ತೇನೆ. ಅವಳ ರಕ್ತ ಪರೀಕ್ಷೆ ಮಾಡಿಸಿದರು. ಈಗ ಔಷಧಿ ಕೊಟ್ಟು ಪ್ರಯೋಜನವಿಲ್ಲ, ಆಗಲೇ ಬರಬೇಕಿತ್ತು ಎಂದರಂತೆ. ಪುಡಿ ತಂದವರು ಯಾರು ಎಂದು ಎಲೋದಿಯಾ ಅವರು ನನ್ನನ್ನು ದಿನಾ ಕೇಳುತ್ತಾರೆ. ನಾನು ಹೇಳಿಲ್ಲ. ಮೇ 14ಕ್ಕೆ ಗೊತ್ತಾಗುತ್ತದೆ ಎಂದಿದ್ದೇನೆ.

ಅಮ್ಮ ಬರುವುದಿಲ್ಲ. ತನ್ನ ಮಾತು ಮುಗಿದಿದೆ ಎನ್ನುತ್ತಾಳೆ. ಉಳಿದ ಕುರ್ಚಿಗೆ ನಾವು ಮೂವರು ಬರುತ್ತೇವೆ. ಎಲೋದಿಯಾ ಅವರೇ ಕಾರು ಓಡಿಸುತ್ತಾರೆ. ನಿಮ್ಮ ನಿರ್ದೇಶಕರಿಗೆ ಹೆಸರು ಹೇಳಿಬಿಡಿ, ಚೀಟಿ ಹಾಕಬೇಕಲ್ಲ. ಮುಂದಿನ ಸಾಲಿನಲ್ಲಿ ಕೂರುತ್ತೇವೆ.

ನಿಮಗೆ ಯಾವುದು ಬೇಕೋ ಅದನ್ನು ಓದಿ. ಬ್ರೆಂಡಾಗೆ ಕಥೆ ಅರ್ಥವಾಗುವುದಿಲ್ಲ. ಆದರೆ ಯಾರು ಏನು ಓದಿ ಮುಗಿಸಿದರೂ ಅವಳು ಚಪ್ಪಾಳೆ ತಟ್ಟುತ್ತಾಳೆ.

ನೀವು ಎತ್ತಿಕೊಂಡ ಮಗಳು,
ನಯೆಲಿ